ಮಂಡ್ಯದ ಮನೆಗೆ ಮಸ್ಟಾಂಗೋ, ಸೆಡಾನೋ?

ಪ್ರಶ್ನೆ: ಮಂಡ್ಯ ತಾಲ್ಲೂಕಿನಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದೇನೆ. ಮನೆಯಲ್ಲಿ ಅಮ್ಮ, ಹೆಂಡತಿ, ಇಬ್ಬರು ಮಕ್ಕಳು. ಹಳೆಯ ಸೆಡಾನ್ ಕೊಟ್ಟು ಬೇರೆ ಕಾರು ತೆಗೆದುಕೊಳ್ಳಬೇಕು. ಬೆಂಗಳೂರಿನ ಪರಿಚಯದವರೊಬ್ಬರು 2018ರ ಫೋರ್ಡ್ ಮಸ್ಟಾಂಗ್ ಜಿಟಿ ಮಾರುತ್ತಿದ್ದಾರೆ. ಪುದುಚೇರಿ ನೋಂದಣಿಯ ಗಾಡಿ. ಚಿಕ್ಕಂದಿನಿಂದ ನನಗೆ ಆ ಕಾರಿನ ಆಸೆ. ಹೊಸ ಫೋಕ್ಸ್‌ವ್ಯಾಗನ್ ವರ್ಟಸ್ ಅಥವಾ ಸ್ಕೋಡಾ ಸ್ಲಾವಿಯಾ ಸೆಡಾನ್ ಸಾಕು ಎನ್ನುತ್ತಾರೆ ಮನೆಯವರು. ಬೆಂಗಳೂರು–ಮೈಸೂರು ಹೆದ್ದಾರಿ ಈಗ ಚೆನ್ನಾಗಿದೆ, ಮೈಸೂರಿಗೆ ಆಗಾಗ ಹೋಗಿಬರುತ್ತೇನೆ. ಮಸ್ಟಾಂಗ್ ಒಂದನ್ನೇ ಇಟ್ಟುಕೊಂಡು ಎಲ್ಲಕ್ಕೂ ಬಳಸಬಹುದೇ? ಎರಡಕ್ಕೂ ನಿಜವಾಗಿ ಎಷ್ಟು ವ್ಯತ್ಯಾಸ?

ಉತ್ತರ: ನಮಸ್ಕಾರ. ಮನೆಗೆ ಒಂದೇ ಕಾರು ಅನ್ನುವುದಾದರೆ ಸೆಡಾನ್ ತೆಗೆದುಕೊಳ್ಳಿ. ಮಸ್ಟಾಂಗ್ ಎರಡನೇ ಕಾರಾಗಿ ಬರುವುದಾದರೆ ಮಾತು ಬೇರೆ. ಹಾಗಂತ ನಿಮ್ಮ ಆಸೆಯನ್ನು ಸುಮ್ನೆ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಮೈಸೂರಿನಲ್ಲಿ ಗ್ಯಾರೇಜ್ ನಡೆಸುವವನು ನಾನು. ಎರಡೂ ಬಗೆಯ ಗಾಡಿಗಳ ಅಡಿಗೆ ಮಲಗಿ ಕೆಲಸ ಮಾಡಿದ್ದೇನೆ. ಮಸ್ಟಾಂಗ್ ನನಗೂ ಇಷ್ಟ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ಎಂಜಿನ್. ಭಾರತಕ್ಕೆ 2016ರಲ್ಲಿ ಬಂದ ಈ ಮಸ್ಟಾಂಗ್‌ನಲ್ಲಿ 5 ಲೀಟರಿನ ವಿ8, ಅಂದರೆ ಎಂಟು ಸಿಲಿಂಡರಿನ ಎಂಜಿನ್ ಇದೆ. ಶಕ್ತಿ ಸುಮಾರು 400 ಪಿಎಸ್ (ಹಾರ್ಸ್‌ಪವರ್‌ನಂಥ ಅಳತೆ), ಟಾರ್ಕ್ ಅಂದರೆ ತಿರುಗಿಸುವ ಬಲ 515 ನ್ಯೂಟನ್ ಮೀಟರ್. ಶಕ್ತಿ ಹೋಗುವುದು ಹಿಂದಿನ ಚಕ್ರಗಳಿಗೆ. ವರ್ಟಸ್ ಮತ್ತು ಸ್ಲಾವಿಯಾದ 1.5 ಲೀಟರ್ ಟರ್ಬೊ ಎಂಜಿನ್‌ನಲ್ಲಿ 150 ಪಿಎಸ್ ಶಕ್ತಿ, 250 ನ್ಯೂಟನ್ ಮೀಟರ್ ಟಾರ್ಕ್. ಇಲ್ಲಿ ಎಳೆಯುವುದು ಮುಂದಿನ ಚಕ್ರಗಳು. ಕಾಗದದ ಮೇಲೆ ನೋಡಿದರೆ ಇವೆರಡನ್ನು ಹೋಲಿಸುವುದೇ ತಪ್ಪು ಅನ್ನಿಸುತ್ತದೆ.

ಆದರೆ ಒಂದು ವಿಷಯ ಗಮನಿಸಿ. ಟರ್ಬೊ ಎಂಜಿನ್ ತನ್ನ ಪೂರ್ತಿ ಟಾರ್ಕನ್ನು 1,600 ಆರ್‌ಪಿಎಂನಿಂದಲೇ (ಎಂಜಿನ್ ನಿಮಿಷಕ್ಕೆ 1,600 ಸುತ್ತು ತಿರುಗುವಾಗಲೇ) ಕೊಡುತ್ತದೆ. ಮಸ್ಟಾಂಗ್‌ನ ವಿ8ಗೆ ಟರ್ಬೊ ಇಲ್ಲ. ಅದರ ಟಾರ್ಕ್ ತುದಿ ಮುಟ್ಟುವುದು 4,000 ಆರ್‌ಪಿಎಂ ದಾಟಿದ ಮೇಲೆ. ಹಾಗಾಗಿ ಪಾಂಡವಪುರ ರಸ್ತೆಯಲ್ಲಿ 50ರಲ್ಲಿ ಹೋಗುತ್ತಾ ಬಸ್ಸೊಂದನ್ನು ದಾಟುವಾಗ, ನೀವು ಅಂದುಕೊಂಡಷ್ಟು ದೊಡ್ಡ ವ್ಯತ್ಯಾಸ ಕಾಣುವುದಿಲ್ಲ. ವಿ8ರ ನಿಜವಾದ ರೂಪ ಕಾಣಬೇಕಾದರೆ ಎಂಜಿನ್ ಮೇಲಕ್ಕೆ ಏರಬೇಕು. ಏರಿದ ಕೂಡಲೇ ವೇಗ ನೂರು ದಾಟಿರುತ್ತದೆ.

ನಿಮ್ಮ ಪ್ರಶ್ನೆಯ ತಿರುಳು ಇರುವುದು ಇಲ್ಲೇ. ನಿಂತಲ್ಲಿಂದ ಗಂಟೆಗೆ 100 ಕಿ.ಮೀ. ಮುಟ್ಟಲು ಮಸ್ಟಾಂಗ್‌ಗೆ ಐದು ಸೆಕೆಂಡಿನ ಆಸುಪಾಸು ಸಾಕು. ಸೆಡಾನ್‌ಗೆ ಒಂಬತ್ತರ ಆಸುಪಾಸು ಬೇಕು. ನಿಮ್ಮ ಹೆದ್ದಾರಿಯ ವೇಗದ ಮಿತಿಯೂ 100 ಕಿ.ಮೀ. ಅಂದರೆ ಸುಮಾರು ನಾಲ್ಕು ಸೆಕೆಂಡಿನ ಮೇಲಾಟದ ನಂತರ ಎರಡೂ ಗಾಡಿ ಒಂದೇ ವೇಗದಲ್ಲಿ ಹೋಗುತ್ತಿರುತ್ತವೆ. ಮಂಡ್ಯದಿಂದ ಮೈಸೂರಿಗೆ 45 ಕಿ.ಮೀ. ಅಂತ ಇಟ್ಟುಕೊಳ್ಳಿ. ನೂರರಲ್ಲಿ ಹೋದರೆ 27 ನಿಮಿಷ. ಗಣಂಗೂರಿನ ಟೋಲ್‌ನಲ್ಲಿ ಎರಡಕ್ಕೂ ಒಂದೇ ದುಡ್ಡು, ಒಂದೇ ಸಾಲು. ಮೈಸೂರಿನ ಕೊಲಂಬಿಯಾ ಏಷ್ಯಾ ಸರ್ಕಲ್ ಹತ್ತಿರ ಬಂದ ಮೇಲಂತೂ ಟ್ರಾಫಿಕ್ ಬಗ್ಗೆ ಕೇಳುವುದೇ ಬೇಡ.

ಮಿತಿ ಮೀರಿ ಓಡಿಸಿದರೆ ಅನ್ನುತ್ತೀರಾ? ದಯವಿಟ್ಟು ಬೇಡ. 2023ರ ಮಾರ್ಚ್ 12ರಂದು ಈ ರಸ್ತೆ ಉದ್ಘಾಟನೆಯಾಯಿತು. ಆಮೇಲಿನ ತಿಂಗಳುಗಳಲ್ಲಿ ಎಷ್ಟು ಮನೆಗಳಲ್ಲಿ ದುಃಖವಾಯಿತು ಎನ್ನುವುದು ಮಂಡ್ಯದವರಾದ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳನ್ನು ಮುಖ್ಯ ರಸ್ತೆಯಿಂದ ಸರ್ವಿಸ್ ರಸ್ತೆಗೆ ಕಳಿಸಿದರು. ವೇಗ ಹಿಡಿಯುವ ಕ್ಯಾಮೆರಾಗಳು ಬಂದವು. 2024ರ ಆಗಸ್ಟ್‌ನಿಂದ ರಾಜ್ಯದ ಯಾವ ರಸ್ತೆಯಲ್ಲಾದರೂ 130 ದಾಟಿದರೆ ಎಫ್‌ಐಆರ್ ಹಾಕುವುದಾಗಿ ಪೊಲೀಸರು ಹೇಳಿದರು.

ಕಾನೂನು ಒಂದು ಕಡೆ ಇರಲಿ, ಬ್ರೇಕಿನ ಲೆಕ್ಕ ನೋಡಿ. ಸ್ಪೋರ್ಟ್ಸ್ ಕಾರಿಗೆ ಒಳ್ಳೆ ಬ್ರೇಕ್ ಇದೆ, ಹಾಗಾಗಿ ಜೋರಾಗಿ ಹೋದರೂ ಭಯವಿಲ್ಲ ಎನ್ನುವ ಮಾತನ್ನು ಬಹಳ ಜನರ ಬಾಯಲ್ಲಿ ಕೇಳಿದ್ದೇನೆ. 100 ಕಿ.ಮೀ. ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತದೆ. ಅಡ್ಡ ಬಂದದ್ದನ್ನು ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಹಿಡಿಯಿರಿ. ಅದಾದ ಮೇಲೆ ನಿಲ್ಲಲು ಸೆಡಾನ್‌ಗೆ 43 ಮೀಟರ್ ಬೇಕಾಗಬಹುದು. ಹಿಡಿತ ಚೆನ್ನಾಗಿರುವ ಅಗಲ ಟೈರಿನ ಕೂಪೆಗೆ (ಮಸ್ಟಾಂಗ್‌ನಂಥ ಎರಡು ಬಾಗಿಲಿನ ಕಾರಿಗೆ) 36 ಮೀಟರ್ ಸಾಕು. ಒಟ್ಟು ಸೆಡಾನ್‌ಗೆ 71, ಕೂಪೆಗೆ 64. ಇಲ್ಲಿ ಕೂಪೆಯೇ ಮೇಲು, ಅನುಮಾನವಿಲ್ಲ.

ಈಗ ಅದೇ ಕೂಪೆ 150ರಲ್ಲಿ ಹೋಗುತ್ತಿದೆ ಎಂದುಕೊಳ್ಳಿ. ವೇಗ ಒಂದೂವರೆ ಪಟ್ಟಾದರೆ ನಿಲ್ಲಿಸಬೇಕಾದ ಶಕ್ತಿ ಎರಡೂಕಾಲು ಪಟ್ಟಾಗುತ್ತದೆ. ಬ್ರೇಕ್ ಹಾಕಿದ ಮೇಲೆ 81 ಮೀಟರ್, ಅದಕ್ಕೂ ಮುಂಚೆ ಕಾಲು ಹೋಗುವಷ್ಟರಲ್ಲಿ 42 ಮೀಟರ್. ಒಟ್ಟು 123. ನೂರರಲ್ಲಿ ಬರುವ ಸೆಡಾನ್ ನಿಂತ ಜಾಗದಿಂದ ಸುಮಾರು 50 ಮೀಟರ್ ಆಚೆ. ಆ 50 ಮೀಟರ್‌ನಲ್ಲಿ ಯಾರದೋ ಮಗು ಇರಬಹುದು. ಯಾವ ಕಂಪನಿಯ ಬ್ರೇಕೂ ಈ ಲೆಕ್ಕವನ್ನು ಬದಲಾಯಿಸಲಾರದು.

ಹಾಗಾದರೆ ಕೂಪೆಯಿಂದ ಸಿಗುವುದಾದರೂ ಏನು? ವೇಗವನ್ನು ಪಕ್ಕಕ್ಕಿಟ್ಟರೂ ಬೇಕಾದಷ್ಟು ಸಿಗುತ್ತದೆ. ಸೆಡಾನ್‌ನಲ್ಲಿ ಮುಂದಿನ ಎರಡು ಚಕ್ರಗಳೇ ಎಳೆಯಬೇಕು, ತಿರುಗಿಸಲೂಬೇಕು. ತಿರುವಿನಲ್ಲಿ ಆಕ್ಸಿಲರೇಟರ್ ಜಾಸ್ತಿ ಒತ್ತಿದರೆ ಟೈರಿನ ಹಿಡಿತ ಎರಡು ಕೆಲಸಕ್ಕೆ ಹಂಚಿಹೋಗುತ್ತದೆ, ಗಾಡಿ ಹೊರಕ್ಕೆ ಜಾರುತ್ತದೆ. ಮಸ್ಟಾಂಗ್‌ನಲ್ಲಿ ತಳ್ಳುವ ಕೆಲಸ ಹಿಂದಿನ ಚಕ್ರಗಳದ್ದು. ಮುಂದಿನವು ತಿರುಗಿಸಿದರೆ ಸಾಕು. ವೇಗ ಹೆಚ್ಚಿಸುವಾಗ ಭಾರ ಹಿಂದಕ್ಕೆ ಸರಿಯುತ್ತದೆ, ಹಿಂದಿನ ಟೈರುಗಳ ಹಿಡಿತ ಇನ್ನೂ ಹೆಚ್ಚುತ್ತದೆ. ಸ್ಟೇರಿಂಗ್ ಹಿಡಿದ ಕೈಗೆ ರಸ್ತೆ ಗೊತ್ತಾಗುತ್ತದೆ. ಚಾಮುಂಡಿ ಬೆಟ್ಟದ ತಿರುವುಗಳಲ್ಲಿ 40ರಲ್ಲಿ ಹೋದರೂ ಈ ಸುಖ ಸಿಗುತ್ತದೆ. ಆ ರಸ್ತೆಯಲ್ಲಿ ನಡೆದು ಹೋಗುವವರು, ಸೈಕಲ್ ತುಳಿಯುವವರು ಇರುತ್ತಾರೆ, ಅದಕ್ಕಿಂತ ಜೋರಾಗಿ ಹೋಗುವುದು ಬೇಕಾಗಿಯೂ ಇಲ್ಲ. ಇನ್ನು ವಿ8ರ ಸದ್ದು. ನಾಲ್ಕು ಸಿಲಿಂಡರಿನ ಯಾವ ಎಂಜಿನ್ನಿಗೂ ಆ ಕಂಠ ಬರುವುದಿಲ್ಲ. ಇದನ್ನು ದುಡ್ಡಿನ ಲೆಕ್ಕದಲ್ಲಿ ಅಳೆಯಲು ಆಗದು, ಅಳೆಯಬೇಕೆಂದೂ ನನಗೆ ಅನ್ನಿಸುವುದಿಲ್ಲ.

ಮಳೆಯಲ್ಲಿ ಮಾತ್ರ ಇದೇ ಗುಣ ತಿರುಗಿಬೀಳಬಹುದು. ನೆಂದ ರಸ್ತೆಯಲ್ಲಿ ಒಮ್ಮೆಲೇ ಆಕ್ಸಿಲರೇಟರ್ ಒತ್ತಿದರೆ ಗಾಡಿಯ ಹಿಂಭಾಗ ಪಕ್ಕಕ್ಕೆ ಹೋಗುತ್ತದೆ. ಗಾಡಿ ಜಾರದಂತೆ ತಡೆಯುವ ಇಎಸ್‌ಪಿಯನ್ನು ಆಫ್ ಮಾಡುವ ಬಟನ್ ಮುಟ್ಟಲೇಬೇಡಿ. ಟೈರ್ ಹಳೆಯದಾಗಿದ್ದರೆ ಅಪಾಯ ಇನ್ನೂ ಹೆಚ್ಚು.

ಈಗ ಹೆದ್ದಾರಿ ಬಿಟ್ಟು ಕೆಳಗೆ ಇಳಿಯೋಣ. ನನ್ನ ದೊಡ್ಡ ತಕರಾರು ಇರುವುದು ಇಲ್ಲಿ. ನೀವು ಯಾವ ಕಾರು ಕೊಳ್ಳಬೇಕು ಎಂದು ಹೇಳಬೇಕಾದದ್ದು ಗಿರಣಿಯಿಂದ ಬೈಪಾಸ್‌ವರೆಗಿನ ರಸ್ತೆ. ಆರು ಪಥದ ರಸ್ತೆಯಲ್ಲಿ ಯಾವ ಕಾರಾದರೂ ಚೆನ್ನಾಗಿಯೇ ಹೋಗುತ್ತದೆ.

ಮಸ್ಟಾಂಗ್‌ನ ಗ್ರೌಂಡ್ ಕ್ಲಿಯರೆನ್ಸ್, ಅಂದರೆ ನೆಲದಿಂದ ಹೊಟ್ಟೆಗಿರುವ ಎತ್ತರ, ಸುಮಾರು 137 ಮಿ.ಮೀ. ವರ್ಟಸ್, ಸ್ಲಾವಿಯಾ ಖಾಲಿ ಇದ್ದಾಗ 179 ಮಿ.ಮೀ. ಜನ ಕೂತರೆ ಯಾವ ಗಾಡಿಯಾದರೂ ತಗ್ಗುತ್ತದೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಅಳತೆಯಲ್ಲಿ ಹಂಪ್ ಹಾಕಿದರೆ ಎತ್ತರ 10 ಸೆಂ.ಮೀ., ಅಗಲ 3.7 ಮೀಟರ್. ಮಸ್ಟಾಂಗ್‌ನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ 2.7 ಮೀಟರ್. ಹಂಪ್ ಅದಕ್ಕಿಂತ ಅಗಲವಾಗಿರುವುದರಿಂದ ಗಾಡಿ ನಿಧಾನವಾಗಿ ಹತ್ತಿ ಇಳಿಯುತ್ತದೆ, ಹೊಟ್ಟೆ ತಾಕುವುದಿಲ್ಲ. ಊರವರೇ ಕಲ್ಲು ಜಲ್ಲಿ ಸುರಿದು ಹಾಕಿಕೊಂಡ ಹಂಪ್ ಹಾಗಿರುವುದಿಲ್ಲ. ಒಂದು ಮಾರಿಗಿಂತ ಕಿರಿದು, ಎತ್ತರ ಮಾತ್ರ ಜಾಸ್ತಿ. ಮುಂದಿನ ಚಕ್ರ ಆಚೆ, ಹಿಂದಿನ ಚಕ್ರ ಈಚೆ, ನಡುವೆ ಹಂಪ್ ನೇರವಾಗಿ ಹೊಟ್ಟೆಗೆ. ಓರೆಯಾಗಿ ಹತ್ತಿಸಿದರೆ ಒಂದೊಂದೇ ಚಕ್ರ ಏರಿ ಸ್ವಲ್ಪ ಜಾಗ ಸಿಗುತ್ತದೆ. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ಬರುತ್ತಿದ್ದರೆ ಓರೆ ಮಾಡಲು ಜಾಗವೆಲ್ಲಿ?

ಒಂದು ಕೆಲಸ ಮಾಡಿ. ಟೇಪು, ಒಂದು ಉದ್ದನೆಯ ನೇರ ಹಲಗೆ ತೆಗೆದುಕೊಂಡು ದಾರಿಯಲ್ಲಿನ ಹಂಪ್‌ಗಳನ್ನು ಅಳೆಯಿರಿ. ಎತ್ತರ 12 ಸೆಂ.ಮೀ. ದಾಟಿದ, ಅಗಲ ಕಡಿಮೆ ಇರುವ ಹಂಪ್ ಒಂದಿದ್ದರೂ ನಾಲ್ಕು ಜನ ಕೂತ ಮಸ್ಟಾಂಗ್ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಶಾಲೆಯ ಗೇಟು, ಗಿರಣಿಯ ಗೇಟಿನ ಇಳಿಜಾರನ್ನೂ ನೋಡಿ. ಉದ್ದ ಮೂತಿಯ ಗಾಡಿ ಇಳಿಜಾರು ಮುಗಿಯುವ ಮೂಲೆಯಲ್ಲಿ ಬಂಪರ್ ಉಜ್ಜುತ್ತದೆ.

ನಮ್ಮ ಭಾಗದಲ್ಲಿ ಇನ್ನೊಂದು ಅಪಾಯವಿದೆ. ಸುಗ್ಗಿಯ ಹೊತ್ತಿಗೆ ರಸ್ತೆಯ ಮೇಲೇ ಒಕ್ಕಣೆ ನಡೆಯುತ್ತದೆ. ಹುರುಳಿ, ರಾಗಿ ತೆನೆ ಹರಡಿರುತ್ತಾರೆ. ಎತ್ತರದ ಗಾಡಿಗಳ ಅಡಿಗೂ ಹುಲ್ಲು ಸುತ್ತಿಕೊಳ್ಳುತ್ತದೆ. ತಗ್ಗಾದ ಗಾಡಿಯಂತೂ ಅದನ್ನು ಬಾಚಿಕೊಂಡೇ ಹೋಗುತ್ತದೆ. ಒಣ ಹುಲ್ಲು ಸೈಲೆನ್ಸರ್ ಪೈಪಿಗೆ, ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ತಾಕಿ ನಿಂತರೆ ಬೆಂಕಿ ಹತ್ತುತ್ತದೆ. ಕನ್ವರ್ಟರ್ ಕೆಲಸ ಮಾಡುವಾಗ ನೂರಾರು ಡಿಗ್ರಿ ಬಿಸಿ ಇರುತ್ತದೆ. ಸೆಡಾನ್ ಕೊಂಡರೂ ಇದು ನೆನಪಿರಲಿ. ಒಕ್ಕಣೆ ಕಂಡರೆ ಬೇರೆ ದಾರಿ ಹಿಡಿಯಿರಿ. ಆಗದಿದ್ದರೆ ದಾಟಿದ ಕೂಡಲೇ ನಿಲ್ಲಿಸಿ ಅಡಿಗೆ ಬಗ್ಗಿ ನೋಡಿ. ಇಂಥ ಕಡೆ ನಿಧಾನವಾಗಿ ಹೋದರೆ ಸಾಲದು, ನೋಡಲೇಬೇಕು.

ರಾತ್ರಿಯ ಮಾತೂ ಹೇಳಬೇಕು. ಕಬ್ಬು ಅರೆಯುವ ಕಾಲದಲ್ಲಿ ಹಿಂದೆ ದೀಪವಿಲ್ಲದ, ರಿಫ್ಲೆಕ್ಟರ್ ಇಲ್ಲದ ಜೋಡಿ ಟ್ರೇಲರುಗಳು ಮಂಡ್ಯದ ಒಳರಸ್ತೆಗಳಲ್ಲಿ ತುಂಬಿರುತ್ತವೆ. ನಾಲೆ ಪಕ್ಕದ ಎಷ್ಟೋ ರಸ್ತೆಗಳಿಗೆ ತಡೆಗೋಡೆ ಇಲ್ಲ. ಮಸ್ಟಾಂಗ್‌ನಲ್ಲಿ ಕೂರುವ ಜಾಗ ತಗ್ಗು, ಮುಂದೆ ಉದ್ದವಾದ ಬಾನೆಟ್. ಎಡಗಡೆಯ ರಸ್ತೆ ಅಂಚು ಎಲ್ಲಿದೆ ಎಂದು ಅಂದಾಜು ಸಿಗಲು ಸಮಯ ಬೇಕು. ಕನ್ನಡಿ ಬಿಟ್ಟೇ 1.9 ಮೀಟರಿಗಿಂತ ಜಾಸ್ತಿ ಅಗಲ. ವಿಶ್ವೇಶ್ವರಯ್ಯ ನಾಲೆಯ ಏರಿ ಮೇಲೆ ಎದುರಿನಿಂದ ಲಾರಿ ಬಂದಾಗ ಈ ಅಗಲ ಏನೆಂದು ಗೊತ್ತಾಗುತ್ತದೆ.

ಟೈರಿನ ವಿಚಾರ. ಸೆಡಾನ್‌ನ 205/55 ಆರ್16 ಟೈರಿನಲ್ಲಿ ರಿಮ್‌ನಿಂದ ರಸ್ತೆವರೆಗೆ ರಬ್ಬರಿನ ಗೋಡೆ ಸುಮಾರು 113 ಮಿ.ಮೀ. ಮಸ್ಟಾಂಗ್‌ನ 19 ಇಂಚಿನ ರಿಮ್‌ಗೆ ಹಾಕುವ 255/40 ಟೈರಿನಲ್ಲಿ 102 ಮಿ.ಮೀ. ಬರೇ ಒಂದು ಸೆಂ.ಮೀ. ವ್ಯತ್ಯಾಸ ಅನ್ನಿಸಬಹುದು. ಆದರೆ ಗಾಡಿಯ ತೂಕ ಸುಮಾರು 450 ಕೆ.ಜಿ. ಹೆಚ್ಚು, ಸಸ್ಪೆನ್ಶನ್ನೂ ಗಡುಸು. ಗುಂಡಿಯ ಹೊಡೆತ ನೇರ ರಿಮ್‌ಗೆ ಹೋಗುತ್ತದೆ. ಇಂಥ ಗಾಡಿಗಳಲ್ಲಿ ಸ್ಟೆಪ್ನಿ ವಿಷಯವನ್ನೂ ಕೇಳಿ ತಿಳಿದುಕೊಳ್ಳಿ. ಎಷ್ಟೋ ಸ್ಪೋರ್ಟ್ಸ್ ಕಾರುಗಳಲ್ಲಿ ಗಾಳಿ ತುಂಬುವ ಕಿಟ್ ಮಾತ್ರ ಇರುತ್ತದೆ. ಟೈರಿನ ಪಕ್ಕ ಹರಿದರೆ ಆ ಕಿಟ್ ಕೆಲಸಕ್ಕೆ ಬರುವುದಿಲ್ಲ, ಗಾಡಿಯನ್ನು ಲಾರಿ ಮೇಲೆ ಹಾಕಿಸಬೇಕು.

ಮನೆಯವರ ಅನುಕೂಲದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಎರಡೇ ಬಾಗಿಲು, ನಾಲ್ಕೇ ಸೀಟು, ನೀವು ಐದು ಜನ. ಇದೊಂದೇ ಸಾಕು. ಇದರ ಮೇಲೆ ಹಿಂದಿನ ಸೀಟಿಗೆ ಹೋಗಬೇಕಾದರೆ ಮುಂದಿನ ಸೀಟು ಬಗ್ಗಿಸಿ ನುಸುಳಬೇಕು. ನಿಮ್ಮ ತಾಯಿಯವರಿಗೆ ಅದು ಆಗದ ಮಾತು. ಬಾಗಿಲು ಉದ್ದವಾದ್ದರಿಂದ ದೇವರಾಜ ಮಾರುಕಟ್ಟೆ ಸುತ್ತಮುತ್ತ ಎರಡು ಗಾಡಿಗಳ ನಡುವೆ ನಿಲ್ಲಿಸಿದರೆ ಇಳಿಯಲು ಪರದಾಡಬೇಕು. ಸೆಡಾನ್‌ನ ಡಿಕ್ಕಿ 521 ಲೀಟರ್. ಮದುವೆ ಮನೆಗೆ ಹೊರಟ ಸಂಸಾರದ ಸಾಮಾನೆಲ್ಲ ಹಿಡಿಯುತ್ತದೆ.

ಸುರಕ್ಷತೆಯ ಬಗ್ಗೆ ಒಂದು ಮಾತು, ಇದು ಹೆಚ್ಚಿನವರಿಗೆ ಗೊತ್ತಿಲ್ಲ. 2017ರ ಆರಂಭದಲ್ಲಿ ಕಾರುಗಳನ್ನು ಗುದ್ದಿಸಿ ಪರೀಕ್ಷಿಸುವ ಯೂರೋ ಎನ್‌ಕ್ಯಾಪ್ ಸಂಸ್ಥೆ ಮಸ್ಟಾಂಗ್‌ಗೆ ಎರಡೇ ನಕ್ಷತ್ರ ಕೊಟ್ಟಿತು. ಬದಲಾವಣೆ ಮಾಡಿದ ಮಾದರಿಗೆ ಅದೇ ವರ್ಷ ಮೂರು ಸಿಕ್ಕಿತು. ವರ್ಟಸ್ ಮತ್ತು ಸ್ಲಾವಿಯಾ 2023ರಲ್ಲಿ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ದೊಡ್ಡವರಿಗೂ ಮಕ್ಕಳಿಗೂ ಐದೈದು ನಕ್ಷತ್ರ ಪಡೆದವು. ಎರಡೂ ಪರೀಕ್ಷೆಗಳ ನಿಯಮ ಬೇರೆ ಬೇರೆ, ನಕ್ಷತ್ರಕ್ಕೆ ನಕ್ಷತ್ರ ಹೋಲಿಸಬಾರದು. ಆದರೆ ದುಬಾರಿ ಕಾರು ಅಂದ ಮಾತ್ರಕ್ಕೆ ಹಿಂದೆ ಕೂತ ಮಕ್ಕಳು ಹೆಚ್ಚು ಸುರಕ್ಷಿತ ಎಂದುಕೊಳ್ಳಬೇಡಿ.

ಸೆಡಾನ್‌ನಲ್ಲೂ ಕೊರತೆ ಇದೆ. 1.5 ಎಂಜಿನ್ ಜೊತೆ ಬರುವ ಡಿಎಸ್‌ಜಿ ಎಂಬ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇಂಚಿಂಚು ಸರಿಯುವ ಟ್ರಾಫಿಕ್‌ನಲ್ಲಿ ಬಿಸಿಯಾಗುತ್ತದೆ. ಅದರ ಕ್ಲಚ್ ಎಣ್ಣೆಯಲ್ಲಿ ಮುಳುಗಿರುವುದಿಲ್ಲ, ಅದಕ್ಕೆ. ಮಂಡ್ಯ, ಮೈಸೂರಿನ ಓಡಾಟಕ್ಕೆ ಇದು ದೊಡ್ಡ ತೊಂದರೆಯಲ್ಲ. ವಾರವಾರ ಬೆಂಗಳೂರಿನ ಒಳಗೆ ಹೋಗಬೇಕಾದರೆ ಮ್ಯಾನ್ಯುವಲ್ ಸಿಗುವುದೇ ನೋಡಿ. ನಿಮಗೆ ಸ್ವಲ್ಪ ಜೋರಾದ ಸೆಡಾನೇ ಬೇಕಾದರೆ ಹ್ಯುಂಡೈ ವೆರ್ನಾ ಟರ್ಬೊವನ್ನೂ ಓಡಿಸಿ ನೋಡಿ, 160 ಪಿಎಸ್ ಇದೆ. ಆದರೆ ಸ್ಟೇರಿಂಗ್‌ನ ಹಿಡಿತ, ಹೆದ್ದಾರಿಯಲ್ಲಿ ಗಾಡಿ ನೆಲಕ್ಕೆ ಕೂತು ಹೋಗುವ ರೀತಿ ನನಗೆ ಇಷ್ಟವಾಗುವುದು ವರ್ಟಸ್‌ನದ್ದೇ.

ಇಷ್ಟೆಲ್ಲ ಕೇಳಿದ ಮೇಲೂ ಆಸೆ ಹೋಗಲಿಲ್ಲವೇ? ಹೋಗಬೇಕಾಗಿಯೂ ಇಲ್ಲ. ಈಗ ಸೆಡಾನ್ ತೆಗೆದುಕೊಳ್ಳಿ. ಗಿರಣಿಯ ಸಾಲ ಇದ್ದರೆ ಅದೆಲ್ಲ ತೀರಿ, ಕೈ ಸಡಿಲವಾದ ಮೇಲೆ ಕೂಪೆ ಎರಡನೇ ಗಾಡಿಯಾಗಿ ಬರಲಿ. ಆಗ ಅದನ್ನು ಅದರ ಜಾಗಕ್ಕೆ ಕರೆದುಕೊಂಡು ಹೋಗಿ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಎಂಬ ರೇಸ್ ಟ್ರ್ಯಾಕ್ ನಮಗೆ ಹತ್ತಿರ. ಚೆನ್ನೈ ಬಳಿ ಇರುಂಗಾಟ್ಟುಕೋಟ್ಟೈನಲ್ಲಿ 3.7 ಕಿ.ಮೀ. ಟ್ರ್ಯಾಕ್ ಇದೆ. ಟ್ರ್ಯಾಕ್ ಡೇ (ಸ್ವಂತ ಕಾರು ಓಡಿಸಲು ಬಿಡುವ ದಿನ) ನಡೆಯುವಾಗ ಹೆಸರು ಕೊಟ್ಟು, ಹೆಲ್ಮೆಟ್ ಹಾಕಿ, ಕಲಿಸುವವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿ. ವಿ8ರ ಪೂರ್ತಿ ದನಿ ಕೇಳಲು ಇಂಥ ಜಾಗವೇ ಸರಿ. ಎದುರಿನಿಂದ ಯಾರೂ ಬರುವುದಿಲ್ಲ, ಅಡ್ಡ ಯಾರೂ ದಾಟುವುದಿಲ್ಲ.

ಎರಡನೇ ಗಾಡಿ ನಿಂತಲ್ಲೇ ನಿಲ್ಲುವುದು ಹೆಚ್ಚು, ಅದಕ್ಕೂ ತಯಾರಿ ಬೇಕು. ವಾರಗಟ್ಟಲೆ ನಿಂತರೆ ಬ್ಯಾಟರಿ ಇಳಿಯುತ್ತದೆ, ಚಾರ್ಜರ್ ಹಾಕಿಡಬೇಕು. ಅಕ್ಕಿ ಗಿರಣಿ ಇದ್ದಲ್ಲಿ ಇಲಿ ಇದ್ದೇ ಇರುತ್ತದೆ. ಆಮದು ಗಾಡಿಯ ವೈರಿಂಗ್ ಕಡಿದರೆ ರಿಪೇರಿ ಬಹಳ ದುಬಾರಿ. ಗಾಡಿಯನ್ನು ಗಿರಣಿ ಆವರಣದಲ್ಲಿ ನಿಲ್ಲಿಸಲೇಬೇಡಿ. ಪೆಟ್ರೋಲ್ ಬಗ್ಗೆಯೂ ಎಚ್ಚರ. ಈಗ ಬಂಕ್‌ಗಳಲ್ಲಿ ಸಿಗುವುದು 20% ಎಥನಾಲ್ ಬೆರೆಸಿದ್ದು. ಎಥನಾಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಗಾಡಿ ಎಷ್ಟು ಎಥನಾಲ್ ತಡೆಯುತ್ತದೆ ಎಂದು ಅದರ ಕೈಪಿಡಿಯಲ್ಲೇ ಬರೆದಿರುತ್ತಾರೆ, ಕೊಳ್ಳುವ ಮುಂಚೆ ಓದಿ.

ಈಗ ಸಿಕ್ಕಿರುವ ಈ ಗಾಡಿಯ ಬಗ್ಗೆ. ಪುದುಚೇರಿ ನೋಂದಣಿ ಎಂದು ಬರೆದಿದ್ದೀರಿ. ಬೆಲೆ ಕಡಿಮೆ ಹೇಳುತ್ತಿದ್ದರೆ ಕಾರಣ ಇಲ್ಲೇ ಇರಬಹುದು. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಹೊಸ ಕಾರಿಗೆ ಜೀವಾವಧಿ ತೆರಿಗೆ 18%, ಅದರ ಮೇಲೆ ಸೆಸ್. ಹಳೆಯ ಗಾಡಿಯನ್ನು ಇಲ್ಲಿಗೆ ತಂದರೆ ವಯಸ್ಸಿಗೆ ತಕ್ಕಂತೆ ಕಡಿಮೆಯಾಗುತ್ತದೆ, ಆದರೂ ಲಕ್ಷಗಳಲ್ಲೇ ಇರುತ್ತದೆ. ಅದು ಯಾರ ಜೇಬಿನಿಂದ ಎಂದು ಮೊದಲೇ ಮಾತಾಡಿಕೊಳ್ಳಿ. ಗಾಡಿಯ ವಿವರ ಹಿಡಿದು ಮಂಡ್ಯದ ಆರ್‌ಟಿಒ ಕಚೇರಿಯಲ್ಲಿ ಲೆಕ್ಕ ಹಾಕಿಸಿ. ಪುದುಚೇರಿಯಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಅಂದರೆ ಫಾರಂ 28, ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಬೇಡಿ. ಫೋರ್ಡ್ 2021ರಲ್ಲಿ ಭಾರತದಲ್ಲಿ ಕಾರು ತಯಾರಿಕೆ ನಿಲ್ಲಿಸುವುದಾಗಿ ಹೇಳಿತು. ಮಸ್ಟಾಂಗ್ ಮೊದಲಿಂದಲೂ ಆಮದು ಗಾಡಿ. ಬ್ರೇಕ್ ಡಿಸ್ಕ್, ಬಂಪರ್, ಹೆಡ್‌ಲೈಟ್ ಎಷ್ಟು ದಿನದಲ್ಲಿ ಸಿಗುತ್ತವೆ, ಬೆಲೆ ಎಷ್ಟು ಎಂದು ಬರೆದೇ ತರಿಸಿಕೊಳ್ಳಿ.

ನೋಡಲು ಹೋದಾಗ ಟೈರಿನ ಪಕ್ಕದಲ್ಲಿರುವ ನಾಲ್ಕು ಅಂಕಿ ಓದಿ. 2318 ಅಂತಿದ್ದರೆ 2018ರ 23ನೇ ವಾರದಲ್ಲಿ ತಯಾರಾದದ್ದು. ಕಚ್ಚು ಎಷ್ಟೇ ಉಳಿದಿರಲಿ, ಅಷ್ಟು ಹಳೆಯ ರಬ್ಬರ್ ಗಟ್ಟಿಯಾಗಿರುತ್ತದೆ, 400 ಪಿಎಸ್ ಹಿಡಿಯುವ ತಾಕತ್ತು ಅದಕ್ಕಿರುವುದಿಲ್ಲ. ನಾಲ್ಕೂ ಬದಲಾಯಿಸುವ ಖರ್ಚು ಬೆಲೆಯಲ್ಲಿ ಕಳೆಯಿರಿ. ಸ್ಕ್ಯಾನರ್ ಹಾಕಿಸಿ. ಹೆಚ್ಚು ಶಕ್ತಿಗಾಗಿ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಬದಲಾಯಿಸಿದ್ದಾರೆಯೇ ಎಂದು ನೇರವಾಗಿ ಕೇಳಿ. ಹಿಂದಿನ ಇನ್ಶೂರೆನ್ಸ್ ಕ್ಲೇಮುಗಳ ವಿವರ ತರಿಸಿ. ಕೊನೆಗೆ ಗಾಡಿಯನ್ನು ಲಿಫ್ಟ್ ಮೇಲೆ ಎತ್ತಿಸಿ, ಅಡಿಯ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿಸಿ. ಎಣ್ಣೆ ಪ್ಯಾನ್ ಮೇಲೆ ಆಳವಾದ ಗೀರು, ಸಬ್‌ಫ್ರೇಮ್‌ನಲ್ಲಿ ಬಾಗು, ಹೊಸ ವೆಲ್ಡಿಂಗ್ ಇದರಲ್ಲಿ ಯಾವುದು ಕಂಡರೂ ಅಲ್ಲಿಗೇ ಬಿಟ್ಟು ಬನ್ನಿ. ಹೊದಿಕೆ ಬಿಚ್ಚಲು ಅವರು ಒಪ್ಪದಿದ್ದರೆ ಮುಂಗಡ ಕೊಡಬೇಡಿ.